ಬೇಗಂಪೇಟೆಯ ಸೊಳ್ಳೆ ಮತ್ತು ಆರು ನಿಮಿಷದ ಪ್ರೆಸೆಂಟೇಶನ್

ಈ ಸಲದ ಮಾತು ಶುರುವಾಗಿದ್ದು ನಮ್ಮನೆಯ ಊಟದ ಟೇಬಲ್ಲಿನಲ್ಲಿ. ಮಗಳು ಒಂಬತ್ತನೇ ಕ್ಲಾಸು. ಬಯಾಲಜಿಯಲ್ಲಿ ಆರು ನಿಮಿಷದ ಪ್ರೆಸೆಂಟೇಶನ್ ಕೊಡಬೇಕು, ವಿಷಯ ನಿಮ್ಮಿಷ್ಟ ಅಂತ ಹೇಳಿ ಕಳಿಸಿದ್ದಾರೆ. ಈ ‘ನಿಮ್ಮಿಷ್ಟ’ ಅನ್ನೋದಿದೆಯಲ್ಲ, ಅದೇ ತಲೆನೋವು. ಮೊದಲು ಡಿಎನ್‌ಎ ಅಂದಳು. ಅದನ್ನ ಕ್ಲಾಸಲ್ಲಿ ಆಗಲೇ ನಾಲ್ಕು ಜನ ತಗೊಂಡಿದ್ದಾರಂತೆ. ಆಮೇಲೆ ಮೆದುಳು, ಆಮೇಲೆ ಕ್ಯಾನ್ಸರ್. ಕೊನೆಗೆ ಸುಸ್ತಾಗಿ, “ಅಪ್ಪಾ, ಮಲೇರಿಯಾ ಮಾಡ್ಲಾ? ಡಯಾಗ್ರಾಂ ರೆಡಿ ಸಿಗುತ್ತೆ” ಅಂದಳು.

ಸಿಗುತ್ತೆ, ನಿಜ. ಒಂದು ಕಡೆ ಮನುಷ್ಯ, ಇನ್ನೊಂದು ಕಡೆ ಸೊಳ್ಳೆ, ಮಧ್ಯೆ ಬಾಣದ ಗುರುತುಗಳು. ನಾವೂ ಪರೀಕ್ಷೆಗೆ ಬರೆದಿದ್ದೀವಿ, ಮರ್ತಿದ್ದೀವಿ. ಆದರೆ ನಾವಿರೋದು ಹೈದರಾಬಾದಿನಲ್ಲಿ. ಆ ಡಯಾಗ್ರಾಂನ ಒಂದು ಬಾಣವನ್ನ ಮೊದಲು ಕಂಡವನು ನಾನು ದಿನಾ ಮೆಟ್ರೋದಲ್ಲಿ ದಾಟಿ ಹೋಗೋ ಬೇಗಂಪೇಟೆಯಲ್ಲಿ ಕೂತಿದ್ದ. ಹಳೇ ಏರ್‌ಪೋರ್ಟ್ ಹತ್ತಿರ ಅವನ ಹೆಸರಿನ ಕಟ್ಟಡ ಈಗಲೂ ಇದೆ, ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಇದನ್ನ ಹೇಳಿದ ತಕ್ಷಣ ಅವಳು ಒಂದು ಸ್ಲೈಡ್ ಬರೆದೇಬಿಟ್ಟಳು: “1897ರಲ್ಲಿ ರೊನಾಲ್ಡ್ ರಾಸ್ ಹೈದರಾಬಾದಿನಲ್ಲಿ ಮಲೇರಿಯಾ ಸೊಳ್ಳೆಯಿಂದ ಹರಡುತ್ತೆ ಅಂತ ಕಂಡುಹಿಡಿದ.”

ಈ ವಾಕ್ಯ ಸರಿಯಿಲ್ಲ. ಎಲ್ಲಿ ಸರಿಯಿಲ್ಲ ಅಂತ ಹುಡುಕ್ತಾ ಹೋಗಿದ್ದೇ ಅವಳ ವಿಷಯ ಆಯ್ತು, ನನ್ನದೂ.

ರಾಸ್ ಹುಟ್ಟಿದ್ದು 1857ರಲ್ಲಿ, ಅಲ್ಮೋರಾದಲ್ಲಿ. ಅಪ್ಪ ಬ್ರಿಟಿಷ್ ಸೈನ್ಯದ ಅಧಿಕಾರಿ. ಮಗನಿಗೆ ವೈದ್ಯಕ್ಕಿಂತ ಕವಿತೆ, ಗಣಿತದ ಹುಚ್ಚು ಜಾಸ್ತಿ. ಆದರೂ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿದ. ನಮಗೆ ಬೇಕಾದ ಮೊದಲ ಘಟನೆ ನಡೆದದ್ದು ಬೆಂಗಳೂರಿನಲ್ಲಿ, 1883ರ ಸುಮಾರಿಗೆ. ದಂಡಿನಲ್ಲಿ ಡಾಕ್ಟರಾಗಿದ್ದಾಗ ಅವನಿದ್ದ ಬಂಗಲೆಯಲ್ಲಿ ವಿಪರೀತ ಸೊಳ್ಳೆ. ಕಿಟಕಿಯ ಹೊರಗೆ ಒಂದು ನೀರಿನ ತೊಟ್ಟಿ, ಅದರ ತುಂಬಾ ಸೊಳ್ಳೆಮರಿ. ತೊಟ್ಟಿ ಬೋರಲು ಹಾಕಿಸಿದ, ಸೊಳ್ಳೆ ಹೋಯ್ತು. ಮೆಸ್ಸಿನ ಸುತ್ತ ಇರೋ ತೊಟ್ಟಿಗಳನ್ನೂ ಹೀಗೇ ಮಾಡಬಹುದಲ್ಲ ಅಂತ ಮೇಲಿನ ಅಧಿಕಾರಿಗೆ ಹೇಳಿದರೆ, ಆ ಮಹಾನುಭಾವ ಒಪ್ಪಲಿಲ್ಲ. ಅದು ಪ್ರಕೃತಿಯ ನಿಯಮಕ್ಕೆ ಅಡ್ಡ ಹೋದಂತೆ ಅಂದನಂತೆ. ರಾಸ್ ತನ್ನ ಆತ್ಮಕಥೆಯಲ್ಲಿ ಇದನ್ನ ಬರೆದುಕೊಂಡಿದ್ದಾನೆ. ಆಫೀಸಿನಲ್ಲಿ ಚಿಕ್ಕ ಬದಲಾವಣೆ ಸೂಚಿಸಿ ಇಂಥ ಉತ್ತರ ಕೇಳಿರೋರು ನಮ್ಮಲ್ಲೂ ಇದ್ದೀರಿ, ಗೊತ್ತು.

ಮಲೇರಿಯಾ ಪರೋಪಜೀವಿಯನ್ನ ಮನುಷ್ಯನ ರಕ್ತದಲ್ಲಿ ಮೊದಲು ಕಂಡವನು ಫ್ರೆಂಚ್ ಸೈನ್ಯದ ವೈದ್ಯ ಲಾವೆರಾನ್, 1880ರಲ್ಲಿ, ಅಲ್ಜೀರಿಯಾದಲ್ಲಿ. ಸರಿ, ರಕ್ತದಲ್ಲಿದೆ. ಒಬ್ಬರಿಂದ ಇನ್ನೊಬ್ಬರಿಗೆ ಹೋಗೋದು ಹೇಗೆ? ಕೆಟ್ಟ ಗಾಳಿಯಿಂದ ಅನ್ನೋರು, ಜೌಗು ನೆಲದ ನೀರಿನಿಂದ ಅನ್ನೋರು ಇನ್ನೂ ಬಹಳ ಜನ. ಲಂಡನ್ನಿನ ಪ್ಯಾಟ್ರಿಕ್ ಮ್ಯಾನ್ಸನ್‌ಗೆ ಮಾತ್ರ ಸೊಳ್ಳೆ ಮೇಲೆ ಅನುಮಾನ. ಆನೆಕಾಲು ರೋಗದ ಹುಳು ಸೊಳ್ಳೆಯೊಳಗೆ ಬೆಳೆಯೋದನ್ನ ಅವನು ಚೀನಾದಲ್ಲಿ ನೋಡಿದ್ದ. 1894ರಲ್ಲಿ ರಜೆಗೆ ಹೋಗಿದ್ದ ರಾಸ್‌ಗೆ ಈ ಹುಳ ಬಿಟ್ಟವನು ಅವನೇ. ಆದರೆ ಮ್ಯಾನ್ಸನ್ ಲೆಕ್ಕದಲ್ಲಿ ಸೊಳ್ಳೆ ಕಚ್ಚಿ ರೋಗ ಕೊಡೋದಲ್ಲ. ಸೊಳ್ಳೆ ನೀರಲ್ಲಿ ಸಾಯುತ್ತೆ, ಆ ನೀರು ಕುಡಿದವರಿಗೆ ಜ್ವರ ಬರುತ್ತೆ ಅಂತ.

1895ರಲ್ಲಿ ಸಿಕಂದರಾಬಾದಿಗೆ ಬಂದ ರಾಸ್ ಇದನ್ನೂ ಪರೀಕ್ಷೆ ಮಾಡಿದ. ರೋಗಿಯ ರಕ್ತ ಕುಡಿದ ಸೊಳ್ಳೆಗಳು ಸತ್ತುಬಿದ್ದ ನೀರನ್ನ ದುಡ್ಡು ಕೊಟ್ಟು ಕೆಲವರಿಗೆ ಕುಡಿಸಿದ. ಇಲ್ಲಿ ಮಗಳು ನಿಲ್ಲಿಸಿದಳು. “ಅವರಿಗೆ ಹೇಳಿ ಕುಡಿಸಿದ್ನಾ?” ಒಪ್ಪಿಸಿ, ದುಡ್ಡು ಕೊಟ್ಟು ಕುಡಿಸಿದ ಅಂದೆ. “ಅವರು ಬೇಡ ಅನ್ನೋ ಸ್ಥಿತಿಯಲ್ಲಿದ್ರಾ?” ಅಂದಳು. ದಂಡಿನ ಡಾಕ್ಟರ್, ಎದುರಿಗೆ ಬಡವ. ನನ್ನ ಹತ್ತಿರ ಒಳ್ಳೆ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಆ ಪ್ರಶ್ನೆಯನ್ನೇ ಒಂದು ಸ್ಲೈಡಿಗೆ ಹಾಕು ಅಂದೆ.

ಆ ವರ್ಷವೇ ಬೆಂಗಳೂರಿನಲ್ಲಿ ಕಾಲರಾ, ರಾಸ್‌ನನ್ನ ಅಲ್ಲಿಗೆ ಕಳಿಸಿದರು. ಚರಂಡಿ, ಬಾವಿ, ಕಸ ಅಂತ ಹೆಚ್ಚುಕಡಿಮೆ ಒಂದೂವರೆ ವರ್ಷ ಅದರಲ್ಲೇ ಹೋಯ್ತು. 1897ರಲ್ಲಿ ರಜೆ ಹಾಕಿ ಊಟಿಗೆ ಹೋಗಿ, ಸಿಗೂರು ಘಾಟಿನಲ್ಲಿ ಸೊಳ್ಳೆ ಹುಡುಕ್ತಾ ತಾನೇ ಮಲೇರಿಯಾ ಹತ್ತಿಸಿಕೊಂಡ. ಜೂನ್‌ನಲ್ಲಿ ಮತ್ತೆ ಸಿಕಂದರಾಬಾದು, ಬೇಗಂಪೇಟೆಯ ಸೈನಿಕ ಆಸ್ಪತ್ರೆ.

ಅವನ ನಿಜವಾದ ಕಷ್ಟ ಏನಿತ್ತು ಗೊತ್ತಾ? ಎರಡು ವರ್ಷ ಅವನು ಕೊಯ್ದು ನೋಡಿದ್ದೆಲ್ಲಾ ತಪ್ಪು ಸೊಳ್ಳೆ. ಈಗ ನಾವು ಕ್ಯೂಲೆಕ್ಸ್, ಈಡಿಸ್ ಅಂತ ಕರೆಯೋ ಜಾತಿಗಳು. ಅವುಗಳ ಹೊಟ್ಟೆಯಲ್ಲಿ ಮನುಷ್ಯನ ಮಲೇರಿಯಾ ಬೆಳೆಯೋದೇ ಇಲ್ಲ. ಸೊಳ್ಳೆಗಳ ಪುಸ್ತಕ ಅವನ ಹತ್ತಿರ ಇರಲಿಲ್ಲ. ತಾನೇ ಹೆಸರಿಟ್ಟುಕೊಂಡಿದ್ದ: ಬೂದು ಸೊಳ್ಳೆ, ಪಟ್ಟೆ ಸೊಳ್ಳೆ, ಕಂದು ಸೊಳ್ಳೆ. ಸಿದ್ಧಾಂತ ಸರಿ, ವಿಧಾನ ಸರಿ, ಒಳಗೆ ಹಾಕಿದ ಸರಕು ತಪ್ಪು. ಡೀಬಗ್ ಮಾಡೋರಿಗೆ ಈ ನೋವು ಬಿಡಿಸಿ ಹೇಳಬೇಕಾಗಿಲ್ಲ.

ಆಗಸ್ಟ್ 16. ಅವನ ಸಹಾಯಕರು ತಂದ ಮರಿಗಳಿಂದ ಬೇರೆ ಥರದ ಸೊಳ್ಳೆಗಳು ಹೊರಬಂದಿದ್ದವು, ರೆಕ್ಕೆಯ ಮೇಲೆ ಚುಕ್ಕೆ ಇರೋವು. ಆಸ್ಪತ್ರೆಯಲ್ಲಿ ಹುಸೇನ್ ಖಾನ್ ಅನ್ನೋ ಮಲೇರಿಯಾ ರೋಗಿ ಇದ್ದ. ಅವನನ್ನ ಸೊಳ್ಳೆಪರದೆಯೊಳಗೆ ಮಲಗಿಸಿ ಇವನ್ನ ಬಿಟ್ಟರು. ಕಚ್ಚಿಸಿಕೊಂಡಿದ್ದಕ್ಕೆ ಸೊಳ್ಳೆಗೆ ಒಂದಾಣೆ ಕೂಲಿ.

ಮಗಳು ಇದನ್ನ ಮೊದಲು ಉಲ್ಟಾ ಅರ್ಥ ಮಾಡಿಕೊಂಡಿದ್ದಳು, ನೀವೂ ಮಾಡಿಕೊಂಡಿರಬಹುದು. ಇಲ್ಲಿ ಸೊಳ್ಳೆ ಹುಸೇನ್ ಖಾನ್‌ಗೆ ರೋಗ ಕೊಡ್ತಿಲ್ಲ, ಅವನಿಂದ ತಗೊಳ್ತಿದೆ. ಹೊರಗೆ ಹಾರಾಡೋ ಸೊಳ್ಳೆ ಹಿಡಿದು ತಂದರೆ ಅದು ಹಿಂದಿನ ರಾತ್ರಿ ಯಾರನ್ನ ಕಚ್ಚಿತ್ತೋ ಯಾರಿಗೆ ಗೊತ್ತು? ನೀರಲ್ಲಿದ್ದ ಮರಿಯಿಂದಲೇ ಸಾಕಿದ್ದಕ್ಕೆ ಅದರ ಹೊಟ್ಟೆಗೆ ಹೋದ ಮೊದಲ ರಕ್ತ ಇದೇ ಅಂತ ಖಾತ್ರಿ. ಇಡೀ ಕಥೆಯಲ್ಲಿ ಬಯಾಲಜಿ ಅಂದರೆ ಇದು ಅಂತ ನನಗನ್ನಿಸಿದ್ದು ಈ ಜಾಗದಲ್ಲಿ.

ಆಗಸ್ಟ್ ಸೆಕೆ. ಪಂಖಾ ಎಳೆಸಿದರೆ ಕೊಯ್ದ ಸೊಳ್ಳೆ ಹಾರಿಹೋಗುತ್ತೆ. ಬೆವರಿಗೆ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವು, ಉಳಿದಿದ್ದ ಒಂದೇ ಒಂದು ಐಪೀಸ್ ಬಿರುಕು ಬಿಟ್ಟಿತ್ತು. ದಿನಗಳು ಕಳೀತಾ ಸೊಳ್ಳೆಗಳು ಒಂದೊಂದೇ ಸಾಯ್ತಾ, ಕೊಯ್ಯುವುದಕ್ಕೆ ಖರ್ಚಾಗ್ತಾ ಹೋದವು. 20ನೇ ತಾರೀಕು, ಉಳಿದ ಕೆಲವೇ ಸೊಳ್ಳೆಗಳಲ್ಲಿ ಒಂದರ ಜಠರದ ಗೋಡೆಯಲ್ಲಿ ದುಂಡಗಿನ ಕೋಶಗಳು ಕಂಡವು. ಅದರೊಳಗೆ ಕಪ್ಪು ಕಣಗಳು, ಮಲೇರಿಯಾ ರೋಗಿಯ ರಕ್ತದಲ್ಲಿ ಕಾಣೋ ಥರದವೇ. ಮಾರನೇ ದಿನ ಕೊಯ್ದ ಸೊಳ್ಳೆಯಲ್ಲಿ ಅದೇ ಕೋಶಗಳು, ಇನ್ನೂ ದೊಡ್ಡದಾಗಿ. ಅಂದರೆ ಬೆಳೀತಿವೆ, ಜೀವ ಇದೆ.

ಹೈದರಾಬಾದಿನಲ್ಲಿ ನಡೆದದ್ದು ಇಷ್ಟೇ. ಎರಡು ಸೊಳ್ಳೆ. ಡಿಸೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಲೇಖನದ ಶೀರ್ಷಿಕೆಯಲ್ಲೂ ಎರಡು ಸೊಳ್ಳೆ ಅಂತಲೇ ಇದೆ. ಸೊಳ್ಳೆ ಕಚ್ಚಿದರೆ ಮಲೇರಿಯಾ ಬರುತ್ತೆ ಅಂತ ಇನ್ನೂ ಯಾರೂ ತೋರಿಸಿರಲಿಲ್ಲ. ಅಷ್ಟರಲ್ಲಿ ರಾಸ್‌ಗೆ ವರ್ಗ, ರಾಜಪುತಾನದ ಖೇರ್ವಾಡಕ್ಕೆ. ಕೆಲಸ ಅರ್ಧಕ್ಕೆ ನಿಂತಿತು. ಮ್ಯಾನ್ಸನ್ ಲಂಡನ್ನಿನಿಂದ ಒತ್ತಡ ಹಾಕಿ, 1898ರಲ್ಲಿ ಕಲ್ಕತ್ತಕ್ಕೆ ಹಾಕಿಸಿಕೊಟ್ಟ. ಅಲ್ಲಿ ರಾಸ್ ಹಿಡಿದದ್ದು ಹಕ್ಕಿಗಳ ಮಲೇರಿಯಾ. ಜುಲೈನಲ್ಲಿ ಪರೋಪಜೀವಿ ಜಠರದಿಂದ ಸೊಳ್ಳೆಯ ಜೊಲ್ಲುಗ್ರಂಥಿಗೆ ಹೋಗೋದನ್ನ ಕಂಡ, ಕಚ್ಚಿಸಿ ಆರೋಗ್ಯವಾಗಿದ್ದ ಹಕ್ಕಿಗಳಿಗೆ ರೋಗ ಬರೋದನ್ನ ತೋರಿಸಿದ. ನೀರಲ್ಲ, ಕಡಿತವೇ. ಮನುಷ್ಯರ ಮಲೇರಿಯಾದಲ್ಲಿ ಅನಾಫಿಲಿಸ್ ಸೊಳ್ಳೆಯ ಪೂರ್ತಿ ಚಕ್ರ ತೋರಿಸಿದ್ದು ಅದೇ ವರ್ಷದ ಕೊನೆಗೆ ಇಟಲಿಯ ಗ್ರಾಸ್ಸಿ ಮತ್ತು ಅವನ ಜೊತೆಗಾರರು. 1902ರ ನೊಬೆಲ್ ಮಾತ್ರ ರಾಸ್ ಒಬ್ಬನಿಗೇ. ಆ ಜಗಳ ಇಬ್ಬರೂ ಸಾಯೋತನಕ ಮುಗೀಲಿಲ್ಲ.

ಮಗಳು ಸ್ಲೈಡ್ ಅಳಿಸಿದಳು. ಈಗ ಅವಳ ವಿಷಯ ಮಲೇರಿಯಾ ಅಲ್ಲ. “ಯಾವ ಸೊಳ್ಳೆ?” ಅಷ್ಟೇ. ಅನಾಫಿಲಿಸ್ ಮರಿ ನೀರಿನ ಮೇಲ್ಮೈಗೆ ಸಮನಾಗಿ ಮಲಗುತ್ತೆ, ಕ್ಯೂಲೆಕ್ಸ್ ಮರಿ ತಲೆಕೆಳಗಾಗಿ ನೇತಾಡುತ್ತೆ. ಗೋಡೆ ಮೇಲೆ ಕೂತಾಗ ಅನಾಫಿಲಿಸ್ ಹಿಂಭಾಗ ಎತ್ತಿ ಓರೆಯಾಗಿರುತ್ತೆ. ಇದನ್ನೆಲ್ಲಾ ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ನೀರುಗುಂಡಿಯಲ್ಲೇ ನೋಡ್ತೀನಿ ಅಂತ ಹೊರಟಳು. ಸಿಕ್ಕಿದ್ದೆಲ್ಲಾ ಕ್ಯೂಲೆಕ್ಸ್. ಎರಡು ವರ್ಷ ರಾಸ್‌ಗೂ ಇದೇ ತಾನೇ ಸಿಕ್ಕಿದ್ದು ಅಂತ ಅದರ ಫೋಟೋವನ್ನೇ ಹಾಕಿಕೊಂಡಿದ್ದಾಳೆ. ಇದು ಹಿಸ್ಟರಿ ಆಯ್ತಲ್ಲಾ ಅಂತ ಟೀಚರ್ ಕೇಳಿದರಂತೆ. ಮರಿಯಿಂದ ಸಾಕಿದ್ದು ಯಾಕೆ ಅಂತ ವಿವರಿಸಿದ ಮೇಲೆ ಬಿಟ್ಟಿದ್ದಾರೆ.

ಗುರುವಾರ ಪ್ರೆಸೆಂಟೇಶನ್. ನಿನ್ನೆ ರಾತ್ರಿ ಹೇಳಿಸಿ ನೋಡಿದೆ, ಆರು ನಿಮಿಷಕ್ಕೆ ನಲವತ್ತು ಸೆಕೆಂಡ್ ಜಾಸ್ತಿ. ಬೆಂಗಳೂರಿನ ತೊಟ್ಟಿ ಕಥೆ ತೆಗಿ ಅಂದೆ. “ನೊಬೆಲ್ ಬೇಕಾದ್ರೆ ತೆಗೀತೀನಿ, ತೊಟ್ಟಿ ತೆಗೆಯಲ್ಲ” ಅಂದಳು. ಹುಸೇನ್ ಖಾನ್ ಒಂದಾಣೆಗೆ ಒಂದಿಡೀ ಸ್ಲೈಡ್ ಇದೆ, ಅದನ್ನ ಮುಟ್ಟೋ ಹಾಗೇ ಇಲ್ಲವಂತೆ.