ಅಂತರ್ಮುಖಿಯ ಸಂಜೆ: ಏಕಾಂತವೂ ಒಂದು ವಿಶ್ರಾಂತಿ

ರೋಣ, ನರಗುಂದ, ಗಜೇಂದ್ರಗಡಗಳಲ್ಲಿ ಸಂಜೆಯೆಂದರೆ ಕಟ್ಟೆಯ ಹರಟೆ, ಚಹಾದಂಗಡಿಯ ಚರ್ಚೆ. ಅಲ್ಲಿಂದ ಸರಿದು ಒಬ್ಬರೇ ಕುಳಿತರೆ ‘ಯಾಕ್ರಿ, ಆರಾಮ ಇಲ್ಲೇನ್ರಿ?’ ಎಂಬ ಪ್ರಶ್ನೆ ತಪ್ಪದು. ಆದರೆ ಏಕಾಂತ ಬಯಸುವವರೆಲ್ಲ ಅಸ್ವಸ್ಥರಲ್ಲ.

ಅಂತರ್ಮುಖಿ ಯಾರು?

ಸ್ವಿಸ್ ಮನೋವಿಜ್ಞಾನಿ ಕಾರ್ಲ್ ಯೂಂಗ್ 1921ರಲ್ಲಿ ಪ್ರಕಟಿಸಿದ ಗ್ರಂಥದಿಂದ ಅಂತರ್ಮುಖಿ, ಬಹಿರ್ಮುಖಿ ಎಂಬ ವಿಂಗಡಣೆ ಪ್ರಚಲಿತವಾಯಿತು. ದಿನವಿಡೀ ಜನರೊಡನೆ ಬೆರೆತು ದಣಿದ ಮನಸ್ಸು ಏಕಾಂತದಲ್ಲಿ ಚೇತರಿಸಿಕೊಳ್ಳುವುದು ಅಂತರ್ಮುಖಿಯ ಸ್ವಭಾವ. ಇದು ಸಂಕೋಚವಲ್ಲ. ಸಂಕೋಚದ ಮೂಲ ಅಂಜಿಕೆ. ಇದರ ಮೂಲ ಮೌನದ ಒಲವು.

ನಡಿಗೆ

ನರಗುಂದದ ಗುಡ್ಡದ ತಪ್ಪಲು, ಗಜೇಂದ್ರಗಡದ ಸಮೀಪದ ಕಾಲಕಾಲೇಶ್ವರ, ಚಾಲುಕ್ಯರ ಕಾಲದ ಸೂಡಿಯ ನಾಗಕುಂಡ ಮೌನಕ್ಕೆ ಒದಗುವ ತಾಣಗಳು. ಗುಡ್ಡ ಹತ್ತುವವರು ಕತ್ತಲಾಗುವ ಮುನ್ನ ಇಳಿಯುವುದು ಲೇಸು.

ರಾಗ, ಪೂಜೆ

ಪಂಡಿತ ಭೀಮಸೇನ ಜೋಶಿ 1922ರಲ್ಲಿ ಜನಿಸಿದ್ದು ರೋಣದಲ್ಲಿ. ಹಿಂದುಸ್ತಾನಿ ಪದ್ಧತಿಯಲ್ಲಿ ಮಾರವಾ, ಪೂರಿಯಾ ಧನಾಶ್ರೀ ಸೂರ್ಯಾಸ್ತದ ರಾಗಗಳು; ಯಮನ್ ರಾತ್ರಿಯ ಮೊದಲ ಜಾವದ್ದು. ಅವರು ಹಾಡಿದ ಈ ಪೈಕಿ ಒಂದು ರಾಗವನ್ನು ಬೇರೆ ಕೆಲಸವಿಲ್ಲದೆ ಪೂರ್ಣವಾಗಿ ಆಲಿಸುವುದೇ ಒಂದು ವಿಶ್ರಾಂತಿ. ಲಿಂಗಾಯತ ಮನೆಗಳಲ್ಲಿ ಅಂಗೈಯಲ್ಲಿ ಇಷ್ಟಲಿಂಗವಿರಿಸಿ ನೋಟ ನೆಡುವ ಪೂಜೆಯೂ ಏಕಾಂತದ ಅಭ್ಯಾಸವೇ. ಒಳಮುಖವಾಗುವುದು ಈ ನೆಲಕ್ಕೆ ಹೊಸತಲ್ಲ.

ರಾತ್ರಿ

ಸಂಜೆಯ ಬಳಿಕ ಚಹಾ, ಕಾಫಿ ಬೇಡ. ಊಟ ಬೇಗನೆ ಮುಗಿಯಲಿ. ಪ್ರಖರ ಬೆಳಕು ನಿದ್ರೆಗೆ ನೆರವಾಗುವ ಮೆಲಟೋನಿನ್ ಹಾರ್ಮೋನನ್ನು ತಗ್ಗಿಸುವುದರಿಂದ ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಮನಸ್ಸಿನಲ್ಲಿ ಉಳಿದ ಕೆಲಸಗಳನ್ನು ಹಾಳೆಯ ಮೇಲೆ ಬರೆದಿಟ್ಟು, ನಿತ್ಯ ಒಂದೇ ಹೊತ್ತಿಗೆ ಮಲಗುವುದು ಉತ್ತಮ.

ಮನೆಯವರ ಪಾಲು

ತುಂಬಿದ ಮನೆಯಲ್ಲಿ ಏಕಾಂತ ತಾನಾಗಿ ಸಿಗದು. ‘ಅರ್ಧ ತಾಸು ನನಗೆ ಬಿಡಿ’ ಎಂದು ಮುಂಚಿತವಾಗಿ ಹೇಳಿದರೆ ಅದು ಮುನಿಸೆಂಬ ತಪ್ಪು ತಿಳಿವಳಿಕೆ ಇರದು. ಸಂಜೆಯ ಹೊತ್ತೆಲ್ಲ ಅಡುಗೆಮನೆಯಲ್ಲೇ ಕಳೆಯುವ ಗೃಹಿಣಿಗೂ ಈ ಅರ್ಧ ತಾಸು ದೊರೆಯಬೇಕಾದರೆ ಉಳಿದವರು ಕೆಲಸ ಹಂಚಿಕೊಳ್ಳಲೇಬೇಕು.

ಎಚ್ಚರಿಕೆ

ಏಕಾಂತದ ಬಳಿಕ ಮನಸ್ಸು ಹಗುರಾದರೆ ಅದು ವಿಶ್ರಾಂತಿ. ಎರಡು ವಾರಗಳಿಗೂ ಮೀರಿ ಬೇಸರ, ನಿದ್ರಾಹೀನತೆ, ಇಷ್ಟದ ಕೆಲಸದಲ್ಲೂ ನಿರಾಸಕ್ತಿ ಕಾಡಿದರೆ ಅದು ಖಿನ್ನತೆಯ ಲಕ್ಷಣವಿರಬಹುದು, ವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರವು 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ‘ಆರಾಮ ಇಲ್ಲೇನ್ರಿ?’ ಎಂಬ ಪ್ರಶ್ನೆಯನ್ನು ನೆರೆಯವರು ನಿಜವಾಗಿ ಕೇಳಬೇಕಾದುದು ಇಂಥ ಹೊತ್ತಿನಲ್ಲಿಯೇ.