ಮೂಡಲಪಾಳ್ಯದ ನೆರೆಯ ವಿದ್ಯಾಸಂಸ್ಥೆಗಳು ಮತ್ತು ವಿದೇಶ ವ್ಯಾಸಂಗ: ವಿದ್ಯಾರ್ಥಿವೇತನದಿಂದ ವಿನಿಮಯದವರೆಗೆ

ಬೆಂಗಳೂರಿನ ಪಶ್ಚಿಮದಲ್ಲಿ, ವಿಜಯನಗರಕ್ಕೂ ನಾಗರಬಾವಿಗೂ ನಡುವೆ ಇರುವ ಮೂಡಲಪಾಳ್ಯದಿಂದ ಕೆಲವೇ ಕಿಲೋಮೀಟರುಗಳ ಅಳತೆಯೊಳಗೆ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ, ಐಸೆಕ್ ಎಂದೇ ಪರಿಚಿತವಾದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ ಹಾಗೂ ರಾಷ್ಟ್ರೀಯ ಕಾನೂನು ಶಾಲೆ ಇವೆ. ಈ ಮೂರರ ಚರಿತ್ರೆಯನ್ನು ಒಟ್ಟಿಗಿರಿಸಿ ನೋಡಿದಾಗ ಕನ್ನಡನಾಡಿನ ವಿದ್ಯಾರ್ಥಿಗಳ ವಿದೇಶ ವ್ಯಾಸಂಗದಲ್ಲಿ ಎರಡು ಘಟ್ಟಗಳು ಕಾಣುತ್ತವೆ. ಪದವಿಗಾಗಿ ವರ್ಷಗಟ್ಟಲೆ ಹೊರಗಿದ್ದು ಮರಳಿದವರು ಇಲ್ಲಿ ವಿದ್ಯಾಸಂಸ್ಥೆಗಳನ್ನು ಕಟ್ಟಿ ಬೆಳೆಸಿದ್ದು ಮೊದಲನೆಯದು. ಸಂಸ್ಥೆಗಳೇ ಒಪ್ಪಂದ ಮಾಡಿಕೊಂಡು ತಮ್ಮ ವಿದ್ಯಾರ್ಥಿಗಳನ್ನು ಒಂದು ಸೆಮಿಸ್ಟರಿನ ಮಟ್ಟಿಗೆ ಕಳುಹಿಸಿ, ಪ್ರತಿಯಾಗಿ ಅಲ್ಲಿಯವರನ್ನು ಬರಮಾಡಿಕೊಳ್ಳುವ ವಿನಿಮಯ ಪದ್ಧತಿ ಎರಡನೆಯದು.

ಮೊದಲ ಘಟ್ಟದಲ್ಲಿ ಹೊರಹೋಗುವ ದಾರಿ ಕಿರಿದಾಗಿತ್ತು. ಪುಣೆಯ ಫರ್ಗ್ಯೂಸನ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ವಿನಾಯಕ ಕೃಷ್ಣ ಗೋಕಾಕರನ್ನು 1936ರಲ್ಲಿ ಡೆಕ್ಕನ್ ಎಜುಕೇಷನ್ ಸೊಸೈಟಿ ಆಕ್ಸ್‌ಫರ್ಡಿಗೆ ಕಳುಹಿಸಿತು. 1938ರಲ್ಲಿ ಮರಳಿದ ಅವರು ಸಾಂಗ್ಲಿಯ ವಿಲಿಂಗ್ಡನ್ ಕಾಲೇಜಿನ ಪ್ರಾಂಶುಪಾಲರಾದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದ್ದ ರಾಜೇಶ್ವರಿ ಚಟರ್ಜಿಯವರ ಪ್ರಸಂಗ ಇನ್ನೂ ಗಮನಾರ್ಹವಾದುದು. 1946ರಲ್ಲಿ ವಿದೇಶ ವ್ಯಾಸಂಗಕ್ಕೆ ಆಯ್ಕೆಯಾದ ಅವರು, ದೇಶ ಸ್ವತಂತ್ರವಾಗುವುದಕ್ಕೆ ಒಂದು ತಿಂಗಳು ಮೊದಲು, ಅಂದರೆ 1947ರ ಜುಲೈನಲ್ಲಿ, ಯುದ್ಧಕಾಲದಲ್ಲಿ ಸೈನಿಕರನ್ನು ಸಾಗಿಸುತ್ತಿದ್ದ ಹಡಗೊಂದರಲ್ಲಿ ಅಮೆರಿಕಕ್ಕೆ ಹೊರಟರು. ಏಷ್ಯಾದ ಮಹಿಳೆಯರಿಗೆಂದೇ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸ್ಥಾಪಿತವಾಗಿದ್ದ ಬಾರ್ಬರ್ ವಿದ್ಯಾರ್ಥಿವೇತನ ಅವರಿಗೆ ಆಸರೆಯಾಯಿತು. ಡಾಕ್ಟರೇಟ್ ಪಡೆದು 1953ರಲ್ಲಿ ಮರಳಿದ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕರಾಗಿ ಮೈಕ್ರೋವೇವ್ ತಂತ್ರಜ್ಞಾನದ ಬೋಧನೆ ಮತ್ತು ಸಂಶೋಧನೆಗೆ ಅಡಿಪಾಯ ಹಾಕಿದರು. ಒಬ್ಬ ವಿದ್ಯಾರ್ಥಿನಿಗೆ ದೊರೆತ ನೆರವು ಹೀಗೆ ಒಂದು ಜ್ಞಾನಶಾಖೆಯನ್ನೇ ನಾಡಿಗೆ ತಂದುಕೊಟ್ಟದ್ದು ಈ ಚರಿತ್ರೆಯಲ್ಲಿ ಅತ್ಯಂತ ಬೆಲೆಯುಳ್ಳ ಸಂಗತಿ.

ಸ್ವಾತಂತ್ರ್ಯಾನಂತರ ಸರ್ಕಾರಗಳ ನಡುವಣ ಒಪ್ಪಂದಗಳು ಈ ದಾರಿಯನ್ನು ಅಗಲಗೊಳಿಸಿದವು. 1950ರ ಫೆಬ್ರುವರಿಯಲ್ಲಿ ಭಾರತ ಮತ್ತು ಅಮೆರಿಕ ಶೈಕ್ಷಣಿಕ ವಿನಿಮಯದ ಫುಲ್‌ಬ್ರೈಟ್ ಒಪ್ಪಂದಕ್ಕೆ ಸಹಿ ಹಾಕಿದವು. 1951ರಲ್ಲಿ ಅಮೆರಿಕ ಭಾರತಕ್ಕೆ ಗೋಧಿ ಕೊಳ್ಳಲು ನೀಡಿದ 19 ಕೋಟಿ ಡಾಲರ್ ಸಾಲದ ಬಡ್ಡಿಯಲ್ಲಿ ಒಂದು ಪಾಲು ಶೈಕ್ಷಣಿಕ ವಿನಿಮಯಕ್ಕೆ ಮೀಸಲಾಯಿತು. ಹಸಿವು ನೀಗಿಸಲು ತಂದ ಸಾಲ ಓದಿಗೂ ಒದಗಿದ ಈ ವಿಷಯ ಇಂದು ಬಹುಮಟ್ಟಿಗೆ ಮರೆತುಹೋಗಿದೆ. ಎ. ಕೆ. ರಾಮಾನುಜನ್ 1959ರಲ್ಲಿ ಫುಲ್‌ಬ್ರೈಟ್ ನೆರವಿನಿಂದ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ತೆರಳಿ ಭಾಷಾವಿಜ್ಞಾನ ಓದಿದರು. ಅವರು ಅಮೆರಿಕದಲ್ಲಿಯೇ ನೆಲೆ ನಿಂತರೂ ವಚನಗಳನ್ನು ಇಂಗ್ಲಿಷ್ ಓದುಗರಿಗೆ ಮುಟ್ಟಿಸಿದರು. ಯು. ಆರ್. ಅನಂತಮೂರ್ತಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಪಡೆದು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ 1966ರಲ್ಲಿ ಡಾಕ್ಟರೇಟ್ ಮುಗಿಸಿದರು. 1965ರಲ್ಲಿ ಪ್ರಕಟವಾದ ‘ಸಂಸ್ಕಾರ’ ಕಾದಂಬರಿ ಆ ಊರಿನಲ್ಲಿದ್ದಾಗಲೇ ಬರೆದದ್ದು.

ಮೂಡಲಪಾಳ್ಯದ ನೆರೆಯ ಸಂಸ್ಥೆಗಳು ಈ ಮರಳಿ ಬಂದವರ ದುಡಿಮೆಗೆ ಋಣಿಯಾಗಿವೆ. 1964ರಲ್ಲಿ ಆರಂಭವಾದ ಬೆಂಗಳೂರು ವಿಶ್ವವಿದ್ಯಾಲಯಕ್ಕೆ 1960ರ ದಶಕದಲ್ಲಿ ಗೋಕಾಕರು ಕುಲಪತಿಗಳಾಗಿದ್ದರು. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ ಪರಮಾಣು ಭೌತವಿಜ್ಞಾನದ ಡಾಕ್ಟರೇಟ್ ಪಡೆದು ನ್ಯಾಷನಲ್ ಕಾಲೇಜಿಗೇ ಹಿಂತಿರುಗಿದ ಎಚ್. ನರಸಿಂಹಯ್ಯನವರು 1972ರಿಂದ 1977ರವರೆಗೆ ಅದೇ ಸ್ಥಾನದಲ್ಲಿದ್ದರು. ಜ್ಞಾನಭಾರತಿ ಆವರಣ ರೂಪುಗೊಂಡದ್ದು ಆ ವರ್ಷಗಳಲ್ಲಿ. 1972ರಲ್ಲಿ ಐಸೆಕ್ ಹುಟ್ಟಿದಾಗ ಅದನ್ನು ಕಟ್ಟಿದವರು ಕೇಂಬ್ರಿಜ್‌ನಲ್ಲಿ ಅರ್ಥಶಾಸ್ತ್ರ ಓದಿದ ವಿ. ಕೆ. ಆರ್. ವಿ. ರಾವ್, ಅವರ ಜೊತೆಗೂಡಿದವರು ಆಕ್ಸ್‌ಫರ್ಡಿನಲ್ಲಿ ಸಾಮಾಜಿಕ ಮಾನವಶಾಸ್ತ್ರದ ತರಬೇತಿ ಪಡೆದ, ಮೈಸೂರಿನ ಎಂ. ಎನ್. ಶ್ರೀನಿವಾಸ್.

ಎರಡನೆಯ ಘಟ್ಟದ ತಳಹದಿ ಕ್ರೆಡಿಟ್ ವ್ಯವಸ್ಥೆ, ಅಂದರೆ ಒಂದು ವಿಷಯದ ಓದಿಗೆ ತಗಲುವ ಶ್ರಮವನ್ನು ಅಂಕಿಯಲ್ಲಿ ಅಳೆದು, ಒಂದೆಡೆ ಗಳಿಸಿದ್ದನ್ನು ಇನ್ನೊಂದೆಡೆ ಲೆಕ್ಕಕ್ಕೆ ಹಿಡಿಯುವ ಕ್ರಮ. ಯುರೋಪಿನಲ್ಲಿ 1987ರಲ್ಲಿ 11 ದೇಶಗಳ 3,244 ವಿದ್ಯಾರ್ಥಿಗಳೊಂದಿಗೆ ಮೊದಲಾದ ಇರಾಸ್ಮಸ್ ಕಾರ್ಯಕ್ರಮ ಇದನ್ನು ರೂಢಿಗೆ ತಂದಿತು. 1988ರಲ್ಲಿ ಮೊದಲ ತಂಡವನ್ನು ಸೇರಿಸಿಕೊಂಡ ರಾಷ್ಟ್ರೀಯ ಕಾನೂನು ಶಾಲೆ ಕಾಲಕ್ರಮದಲ್ಲಿ ಸಿಂಗಪುರ, ಹ್ಯಾಂಬರ್ಗ್, ಟೊರಾಂಟೊಗಳ ಕಾನೂನು ಶಾಲೆಗಳೊಂದಿಗೆ ವಿನಿಮಯದ ಒಡಂಬಡಿಕೆ ಮಾಡಿಕೊಂಡಿತು. ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಾವಳಿಯ ಟ್ವಿನಿಂಗ್ ಪದ್ಧತಿಯಲ್ಲಿ, ಅಂದರೆ ಎರಡು ಸಂಸ್ಥೆಗಳು ಜೊತೆಗೂಡಿ ನಡೆಸುವ ವ್ಯಾಸಂಗದಲ್ಲಿ, ಭಾರತದ ವಿದ್ಯಾರ್ಥಿ ಗರಿಷ್ಠ ಶೇಕಡಾ 30ರಷ್ಟು ಕ್ರೆಡಿಟ್‌ಗಳನ್ನು ವಿದೇಶದಲ್ಲಿ ಗಳಿಸಬಹುದು. ಎದುರು ದಿಕ್ಕಿನ ಪಯಣವೂ ಉಂಟು: ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನ ಮೂಲಕ ವಿದೇಶದ ವಿದ್ಯಾರ್ಥಿಗಳು ಮೈಸೂರಿಗೆ ಬಂದು ಕನ್ನಡ ಕಲಿಯುತ್ತಾರೆ.

ವಿನಿಮಯದಲ್ಲಿ ಸಾಮಾನ್ಯವಾಗಿ ವಿದ್ಯಾರ್ಥಿ ಬೋಧನಾ ಶುಲ್ಕವನ್ನು ತನ್ನ ಸಂಸ್ಥೆಗೇ ಕಟ್ಟುವುದರಿಂದ ವಿದೇಶದ ಸಂಸ್ಥೆಗೆ ಮತ್ತೆ ತೆರಬೇಕಾಗಿಲ್ಲ. ಆದರೆ ವಿಮಾನದ ದರ, ವಸತಿ, ಊಟ, ವಿಮೆಗಳ ಹೊರೆ ಮನೆಯವರ ಮೇಲೆಯೇ ಬೀಳುತ್ತದೆ. ಜರ್ಮನಿಯ ವೀಸಾ ಕೋರುವ ವಿದ್ಯಾರ್ಥಿ 2024ರ ಸೆಪ್ಟೆಂಬರಿನಿಂದ ತಿಂಗಳಿಗೆ 992 ಯೂರೋ ಲೆಕ್ಕದಲ್ಲಿ ಹಣವಿರುವುದನ್ನು ತೋರಿಸಬೇಕು. ಮಾಗಡಿ ರಸ್ತೆಯ ಸಣ್ಣ ಕಾರ್ಖಾನೆಗಳಲ್ಲಿ, ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವವರ ಮಕ್ಕಳಿಗೆ ಇದು ಎಟುಕುವ ಮೊತ್ತವಲ್ಲ. 1954-55ರಿಂದ ನಡೆದುಬಂದಿರುವ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಸ್ನಾತಕೋತ್ತರ ಪದವಿಗೂ ಡಾಕ್ಟರೇಟಿಗೂ ದೊರೆಯುತ್ತದೆ. ಪರಿಶಿಷ್ಟ ಜಾತಿ ಮತ್ತು ಪಂಗಡದ ವಿದ್ಯಾರ್ಥಿಗಳಿಗಾಗಿ ರಾಜ್ಯ ಸರ್ಕಾರ ರೂಪಿಸಿದ ಪ್ರಬುದ್ಧ ಯೋಜನೆಯ ಗುರಿಯೂ ವಿದೇಶದಲ್ಲಿ ಪದವಿ ಪಡೆಯುವುದೇ. ಹೀಗಾಗಿ ಒಂದು ಸೆಮಿಸ್ಟರಿಗೆ ಆಯ್ಕೆಯಾದ ಬಡ ವಿದ್ಯಾರ್ಥಿ ಈ ನೆರವಿನ ಚೌಕಟ್ಟಿನಿಂದ ಹೊರಗುಳಿಯುತ್ತಾನೆ. ಅರ್ಹತೆಯಿಂದ ದೊರೆತ ಸ್ಥಾನ ಹಣವುಳ್ಳವರ ಪಾಲಾಗದಂತೆ ನೋಡಿಕೊಳ್ಳುವುದು ಒಪ್ಪಂದಕ್ಕೆ ಸಹಿ ಹಾಕುವ ಸಂಸ್ಥೆಯ ಹೊಣೆ; ಪ್ರಯಾಣ ಮತ್ತು ವಸತಿಯ ನಿಧಿಯನ್ನು ಒಪ್ಪಂದದಲ್ಲಿಯೇ ಸೇರಿಸುವುದು ಅದಕ್ಕೆ ನೇರವಾದ ಉಪಾಯ.