ದೇಶವಿಭಜನೆಯ ನಿರಾಶ್ರಿತ ವರ್ತಕರೂ ಪತ್ತಿನ ಪ್ರಶ್ನೆಯೂ

1947ರ ದೇಶವಿಭಜನೆಯನ್ನು ಕುರಿತ ಗ್ರಂಥಗಳು ಅದರ ರಾಜಕೀಯ ಕಾರಣಗಳನ್ನೂ ಜನರು ಅನುಭವಿಸಿದ ಕಷ್ಟಪರಂಪರೆಯನ್ನೂ ವಿಸ್ತಾರವಾಗಿ ನಿರೂಪಿಸಿವೆ. ಗಡಿಯನ್ನು ದಾಟಿ ಬಂದವರು ತಮ್ಮ ಅಂಗಡಿ ಕಾರ್ಖಾನೆಗಳನ್ನು ಹೇಗೆ ಮರಳಿ ಕಟ್ಟಿದರು, ಅದಕ್ಕೆ ದೊರೆತ ನೆರವು ಎಷ್ಟರಮಟ್ಟಿಗೆ ಸಾರ್ಥಕವಾಯಿತು ಎಂಬ ವಿಷಯಕ್ಕೆ ಅಷ್ಟು ಗಮನ ಸಂದಿಲ್ಲ. ಅದನ್ನೇ ನಾವಿಲ್ಲಿ ಸಂಕ್ಷೇಪವಾಗಿ ಪರಿಶೀಲಿಸಲಿದ್ದೇವೆ.

1951ರ ಜನಗಣತಿಯ ಪ್ರಕಾರ ಭಾರತದಲ್ಲಿದ್ದ ನಿರಾಶ್ರಿತರ ಸಂಖ್ಯೆ ಸುಮಾರು 73 ಲಕ್ಷ. ಇವರಲ್ಲಿ ಸುಮಾರು 47 ಲಕ್ಷ ಮಂದಿ ಪಶ್ಚಿಮ ಪಾಕಿಸ್ತಾನದಿಂದಲೂ ಸುಮಾರು 25 ಲಕ್ಷ ಮಂದಿ ಪೂರ್ವ ಪಾಕಿಸ್ತಾನದಿಂದಲೂ ಬಂದವರು. ಪಶ್ಚಿಮದಿಂದ ಬಂದವರಲ್ಲಿ ಪಟ್ಟಣವಾಸಿಗಳೂ ವರ್ತಕರೂ ಬಹಳವಾಗಿದ್ದರು; ಪೂರ್ವ ಪಂಜಾಬಿನ ಪಟ್ಟಣಗಳನ್ನು ತೊರೆದು ಹೋದ ಮುಸಲ್ಮಾನರಲ್ಲಿ ನೇಕಾರರೂ ಇತರ ಕುಶಲಕರ್ಮಿಗಳೂ ಅನೇಕರಿದ್ದರು. ಹೀಗಾಗಿ ಮಾರುವವರು ಹೆಚ್ಚಿ, ತಯಾರಿಸುವವರು ಕಡಮೆಯಾದರು.

ವರ್ತಕನ ಬಂಡವಾಳ ಎರಡು ಬಗೆಯದು. ಹಣ, ಸರಕು, ಮಳಿಗೆ ಇವು ಮೊದಲನೆಯ ಬಗೆ. ಎರಡನೆಯದನ್ನು ನಮ್ಮ ಪೇಟೆಗಳಲ್ಲಿ ಪತ್ತು ಎನ್ನುತ್ತಾರೆ: ಇಂಥವನಿಗೆ ಸರಕನ್ನು ಕಡವಾಗಿ ಕೊಡಬಹುದು, ಇವನು ಮಾತಿಗೆ ತಪ್ಪುವವನಲ್ಲ ಎಂದು ನೆರೆಹೊರೆಯವರು ಇಟ್ಟಿರುವ ನಂಬಿಕೆ. ಲಾಹೋರಿನಲ್ಲಿ ಮೂರು ತಲೆಮಾರಿನಿಂದ ವ್ಯಾಪಾರ ಮಾಡಿದ್ದವನೂ ದೆಹಲಿಯ ಸಗಟು ವ್ಯಾಪಾರಿಗೆ ಅಪರಿಚಿತನೇ. ನಿರಾಶ್ರಿತನಾದವನು ಹಣದೊಡನೆ ಪತ್ತನ್ನೂ ಕಳೆದುಕೊಂಡನೆಂಬುದನ್ನು ಮನಗಂಡರೆ ಮಾತ್ರ ಮುಂದಿನ ಸಂಗತಿಗಳು ಸ್ಪಷ್ಟವಾಗುತ್ತವೆ.

ಸರ್ಕಾರ ಮೊದಲು ಕೈಹಾಕಿದ್ದು ಹಣದ ಕೊರತೆಗೆ. 1948ರ ಶಾಸನವೊಂದರ ಮೇರೆಗೆ ವ್ಯಾಪಾರೋದ್ಯಮಗಳಿಗೆ ಸಾಲ ಕೊಡುವ ಸಲುವಾಗಿ ಪುನರ್ವಸತಿ ಹಣಕಾಸು ಆಡಳಿತವೆಂಬ ಪ್ರತ್ಯೇಕ ಸಂಸ್ಥೆ ಏರ್ಪಟ್ಟಿತು. ಸಣ್ಣ ಮೊತ್ತದ ಸಾಲಗಳನ್ನು ಪ್ರಾಂತ ಸರ್ಕಾರಗಳು ಕೊಟ್ಟವು. 1951ರಲ್ಲಿ ನಿರಾಶ್ರಿತರ ಋಣಗಳನ್ನು ಹೊಂದಿಸುವ ಶಾಸನ ಬಂದಿತು. ಆಸ್ತಿ ಗಡಿಯಾಚೆ ಉಳಿದು, ಸಾಲ ಮಾತ್ರ ಬೆನ್ನಟ್ಟಿ ಬಂದಿದ್ದವನು ನ್ಯಾಯಮಂಡಲಿಯ ಮುಂದೆ ಅರ್ಜಿ ಹಾಕಿ, ತನ್ನ ತೀರಿಸುವ ಶಕ್ತಿಗನುಸಾರವಾಗಿ ಋಣವನ್ನು ಗೊತ್ತುಪಡಿಸಿಕೊಳ್ಳಲು ಇದರಿಂದ ಅವಕಾಶವಾಯಿತು. ಹಳೆಯ ಋಣದ ಭಾರವನ್ನು ಇಳಿಸಿದ ಈ ಕ್ರಮವು ಹೊಸ ಸಾಲದಷ್ಟೇ ಮುಖ್ಯವಾದುದೆಂದು ನಮ್ಮ ಅಭಿಪ್ರಾಯ.

ಆದರೆ ಸರ್ಕಾರದ ಸಾಲವು ಪತ್ತನ್ನು ತಂದುಕೊಡಲಾರದು. ಎಲ್ಲಿ ಜನರು ಒಟ್ಟಾಗಿ ಬಂದು ಒಟ್ಟಾಗಿ ನೆಲೆಸಿದರೋ ಅಲ್ಲಿ ಅದು ತಾನಾಗಿಯೇ ಮರಳಿತು. ಸಿಯಾಲ್‌ಕೋಟೆಯು ವಿಭಜನೆಗೆ ಮುಂಚೆ ಆಟದ ಸಾಮಾನುಗಳಿಗೆ ಪ್ರಸಿದ್ಧವಾಗಿತ್ತು. ಅಲ್ಲಿನ ಹಿಂದೂ ಸಿಖ್ ಉದ್ಯಮಿಗಳೂ ಕೆಲಸಗಾರರೂ ಜಲಂಧರದಲ್ಲಿ ಗುಂಪಾಗಿ ನೆಲೆಸಿದರು. ತೊಗಲು ಹೊಲಿಯುವವನು ಯಾರು, ಬ್ಯಾಟು ಕೆತ್ತುವವನು ಯಾರು, ಯಾರ ಮಾತು ನಂಬತಕ್ಕದ್ದು ಎಂಬುದು ಅವರಿಗೆ ಪರಸ್ಪರ ತಿಳಿದಿದ್ದಿತು. ಜಲಂಧರವು ಇಂದಿಗೂ ಈ ಉದ್ಯಮದ ಕೇಂದ್ರವಾಗಿದೆ.

ಫರೀದಾಬಾದಿನ ನಿದರ್ಶನ ಇನ್ನೂ ಬೋಧಪ್ರದವಾದುದು. ವಾಯವ್ಯ ಗಡಿಪ್ರಾಂತದಿಂದ ಬಂದವರು, ತಮ್ಮನ್ನು ಚದುರಿಸಿ ನೆಲೆಗೊಳಿಸುವ ಯೋಜನೆಗೆ ಒಪ್ಪದೆ, ಒಂದೆಡೆ ಇರಲು ಪಟ್ಟು ಹಿಡಿದರು. 1949ರಲ್ಲಿ ರಾಜೇಂದ್ರಪ್ರಸಾದರ ಅಧ್ಯಕ್ಷತೆಯಲ್ಲಿ ಅಭಿವೃದ್ಧಿ ಮಂಡಲಿಯು ಸ್ಥಾಪಿತವಾಯಿತು. ಮಂಗಳೂರಿನಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯರು 1948ರಲ್ಲಿ ಕಟ್ಟಿದ ಭಾರತೀಯ ಸಹಕಾರ ಸಂಘವು ಅಲ್ಲಿ ನಿರಾಶ್ರಿತರ ಸಹಕಾರ ಸಂಸ್ಥೆಗಳನ್ನು ಸಂಘಟಿಸಿತು. ಗುತ್ತಿಗೆದಾರರನ್ನು ಕರೆತರುವ ಬದಲು, ನಿರಾಶ್ರಿತರೇ ತಮ್ಮ ಮನೆಗಳನ್ನು ಕಟ್ಟಿ ಕೂಲಿಯನ್ನು ಪಡೆದರು. ನಮ್ಮ ನಾಡಿನ ಪತ್ತಿನ ಸಹಕಾರ ಸಂಘಗಳಿಗೂ ಮೂಲವಾದ ತತ್ತ್ವ ಇದೇ: ಒಬ್ಬೊಬ್ಬನಿಗಿಲ್ಲದ ಪತ್ತು ಕೂಟಕ್ಕೆ ದೊರೆಯುತ್ತದೆ. ಆದರೆ ಕೆಲವೇ ವರ್ಷಗಳಲ್ಲಿ ಆಡಳಿತವು ಸರ್ಕಾರಿ ಇಲಾಖೆಯ ಕೈಗೆ ಹೋಗಿ, ಸಹಕಾರ ಸಂಸ್ಥೆಗಳು ಕ್ಷೀಣಿಸಿದವು. ಪಟ್ಟಣ ಬೆಳೆಯಿತು, ಅದನ್ನು ಕಟ್ಟಿದವರ ಸ್ವಾಮ್ಯ ಬೆಳೆಯಲಿಲ್ಲ.

ಎರಡು ಸಂಗತಿಗಳನ್ನು ಮರೆಮಾಚಬಾರದು. ಮೊದಲನೆಯದಾಗಿ, ಈ ನೆರವು ಸಮನಾಗಿ ಹಂಚಿಕೆಯಾಗಲಿಲ್ಲ. 1954ರ ಪರಿಹಾರ ಶಾಸನವು ಪಶ್ಚಿಮದಿಂದ ಬಂದವರಿಗೆ ಮಾತ್ರ ಅನ್ವಯಿಸಿತು. ಪೂರ್ವ ಬಂಗಾಳದವರು ಒಮ್ಮೆಲೇ ಬಾರದೆ ಅಲೆ ಅಲೆಯಾಗಿ ಬಂದರು. 1950ರ ನೆಹರೂ-ಲಿಯಾಕತ್ ಒಪ್ಪಂದದ ಬಳಿಕ ಅವರು ಹಿಂದಿರುಗುವರೆಂಬ ಆಶೆಯೂ ಇದ್ದಿತು. ಹಿಂದಿರುಗಬೇಕಾದವರೆಂದು ಎಣಿಸಲ್ಪಟ್ಟವರಿಗೆ ಅಂಗಡಿ ಹಾಕಿಕೊಡುವ ಆಸಕ್ತಿ ಯಾರಿಗೂ ಹುಟ್ಟುವುದಿಲ್ಲ. ಎರಡನೆಯದಾಗಿ, ಪಶ್ಚಿಮದಿಂದ ಬಂದ ಅನೇಕರಿಗೆ ಹಂಚಲಾದ ಮಳಿಗೆಗಳೂ ಮನೆಗಳೂ ದೇಶ ಬಿಟ್ಟು ಹೋದ ಮುಸಲ್ಮಾನರವು. ಪಾಣಿಪತ್ತಿನಲ್ಲಿ ನೇಕಾರರು ಹೋದ ಸ್ಥಾನದಲ್ಲಿ ಪಶ್ಚಿಮ ಪಂಜಾಬಿನ ನೇಕಾರರು ನೆಲೆಸಿ ಕಸಬನ್ನು ಮುಂದುವರಿಸಿದರು. ಗಡಿಯಾಚೆಯೂ ಇದೇ ನಡೆಯಿತು. ಒಬ್ಬನ ಪುನರಾರಂಭಕ್ಕೆ ಇನ್ನೊಬ್ಬನ ನಷ್ಟ ಆಧಾರವಾದುದನ್ನು ಚರಿತ್ರಕಾರನು ಬರೆದಿಡಬೇಕು.

ಒಟ್ಟಿನಲ್ಲಿ ನಮಗೆ ತೋರುವುದಿಷ್ಟು. ನಿರಾಶ್ರಿತರು ಸ್ವಭಾವತಃ ಸಾಹಸಿಗಳಾದುದರಿಂದ ಏಳಿಗೆ ಹೊಂದಿದರೆಂಬ ಜನಜನಿತವಾದ ಮಾತು ಅರ್ಧಸತ್ಯ. ಸಾಹಸವು ಪೂರ್ವದವರಲ್ಲಿಯೂ ಇದ್ದಿತು. ಸಾಲ, ಹಳೆಯ ಋಣದ ಪರಿಹಾರ, ನೆಲೆ, ಪರಸ್ಪರ ಬಲ್ಲವರ ನೆರೆ ಈ ನಾಲ್ಕೂ ಕೂಡಿದ ಕಡೆಯಲ್ಲಿ ಸಾಹಸ ಫಲಿಸಿತು. ನಿರಾಶ್ರಿತರ ನೆರವನ್ನು ಅಳೆಯುವವರು ಕೊಟ್ಟ ಹಣವನ್ನು ಲೆಕ್ಕ ಹಾಕುವುದರೊಡನೆ, ಹೊಸ ಊರಿನ ಪೇಟೆಯು ಅವರಿಗೆ ಸರಕನ್ನು ಕಡವಾಗಿ ಕೊಡಲು ಎಂದಿನಿಂದ ಮೊದಲುಮಾಡಿತು ಎಂಬುದನ್ನೂ ವಿಚಾರಿಸಬೇಕು.